ಡಾಕ್ಟರನ್ನೂ ಬಿಡದ ಸಿಸ್ಟರ್

ಕೇಶ್ವಾಪುರದ ಒಂದು ದವಾಖಾನೆಯಲ್ಲಿ ನಾನು ರೋಗಿಗಳ ಹೆಸರಿನ ಚೀಟಿ ಬರೆಯುವ ಕೆಲಸದಲ್ಲಿದ್ದಾಗ ಅಲ್ಲೊಬ್ಬ ಹಿರಿಯ ಸಿಸ್ಟರ್ ಇದ್ದರು. ಒದ್ದೆ ನೆಲದಲ್ಲಿ ಯಾರಾದರೂ ಜಾರಿದರೂ ಸಾಕು, ಅವಘಡಗಳನ್ನು ದಾಖಲಿಸುವ ರಿಜಿಸ್ಟರ್ ಹಿಡಿದು ಬಂದು, “ಮೊದಲ ಬರೀರಿ, ಆಮ್ಯಾಲೆ ಮಾತಾಡ್ರಿ” ಎನ್ನುತ್ತಿದ್ದರು.

ಒಂದು ದಿನ, ರಕ್ತದಿಂದ ಹರಡುವಂಥ ಕಾಮಾಲೆಯಿದ್ದ ರೋಗಿಯ ರಕ್ತ ತೆಗೆದ ಸೂಜಿ ನಮ್ಮ ಡಾಕ್ಟರ ಬೆರಳಿಗೇ ಚುಚ್ಚಿತು. ಅವರು ಕೈಯನ್ನು ಕಿಸೆಗೆ ಸೇರಿಸಿ, “ಏನೂ ಆಗಿಲ್ಲ ಬಿಡ್ರಿ ಸಿಸ್ಟರ್” ಎಂದರು.

“ಹಂಗಾರ ಕೈ ತೋರಸ್ರಿ ಸಾಹೇಬ್ರ.”

ಡಾಕ್ಟರು ತೋರಿಸಿದರು. ಸಿಸ್ಟರ್ ಬೆರಳು ತೊಳೆಸಿ, ಸಹಿ ಹಾಕಿಸಿ, ರಕ್ತಪರೀಕ್ಷೆಗೆ ಅವರನ್ನು ರೋಗಿಗಳ ಸಾಲಿನಲ್ಲೇ ಕೂರಿಸಿದರು.

ತಿಂಗಳುಗಳ ನಂತರ ಕೊನೆಯ ಪರೀಕ್ಷೆಯಲ್ಲೂ ರೋಗವಿಲ್ಲವೆಂದು ಬಂದಾಗ ಡಾಕ್ಟರು ನಕ್ಕರು. ಸಿಸ್ಟರ್ ಔಷಧದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಬಂದಾಗ ಕಣ್ಣು ಕೆಂಪಾಗಿದ್ದವು. ನಾನು ನೋಡಿದ್ದನ್ನು ಕಂಡು, “ಒಳಗ ಸ್ಪಿರಿಟ್ ಘಾಟು ಭಾಳ ಐತಿ ನೋಡವಾ” ಎಂದರು.