ಉಸ್ತಾದರ ಮೂರು ಗೀರು

ದೆವ್ವ, ಶಕುನ, ಕನಸಿನಲ್ಲಿ ಬಂದು ಮಾತಾಡಿದ ಹಿರಿಯರು, ಇಂಥ ಸುದ್ದಿ ಶುರುವಾದರೆ ಎದ್ದು ಹೋಗುವ ಜಾತಿಯವನು ನಾನು. ಮೂವತ್ತೊಂದು ವರ್ಷ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೂದಲೆಳೆಯನ್ನೂ ಹತ್ತು ಪಾಲು ಮಾಡಿ ಅಳೆದವನಿಗೆ ಅಳತೆಗೆ ಸಿಗದ್ದು ಇಲ್ಲವೇ ಇಲ್ಲ ಎಂಬ ಸೊಕ್ಕು ಇತ್ತು. ಆ ಸೊಕ್ಕು ಈಗಲೂ ಪೂರ್ತಿ ಹೋಗಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ದಸರೆಯಲ್ಲಿ ನನ್ನ ಮನೆಯ ಹಿತ್ತಿಲಿನ ಶೆಡ್ಡಿನಲ್ಲಿ ನಡೆದದ್ದನ್ನು ಏನೆಂದು ಕರೆಯಬೇಕೋ ಇವತ್ತಿಗೂ ತಿಳಿದಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮದು ಕಾಚಿಗೂಡದಲ್ಲಿ ಹಳೆಯ ಮನೆ. ಅಜ್ಜ ರಾಯಚೂರಿನಿಂದ ಸರ್ಕಾರಿ ನೌಕರಿಗೆಂದು ಬಂದು ಇಲ್ಲಿಯವರೇ ಆದರು. ನಾನು ನಿವೃತ್ತನಾದ ಮೇಲೆ ಹಿತ್ತಿಲಿನ ತಗಡಿನ ಶೆಡ್ಡನ್ನು ವರ್ಕ್‌ಶಾಪ್ ಮಾಡಿಕೊಂಡೆ. ರಾಣಿಗಂಜಿನ ಹಳೆ ಸಾಮಾನಿನ ಅಂಗಡಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ, ಕಬ್ಬಿಣದ ಸಲಾಕೆ ತಿರುಗಿಸಿ ಕಡೆಯುವ ಒಂದು ಲೇತ್ ಯಂತ್ರವನ್ನು ತಂದೆ. ಅದನ್ನು ಟ್ರಾಲಿಯಿಂದ ಇಳಿಸುವುದನ್ನು ನೋಡುತ್ತ ನಿಂತ ನನ್ನ ಹೆಂಡತಿ ಕಮಲಾ, "ಮನ್ಯಾಗಿನ ಮಿಕ್ಸರ್ ರಿಪೇರಿ ಮಾಡ್ರಿ ಅಂದ್ರ ತಿಂಗಳ ಹಚ್ಚತೀರಿ. ಇದಕ್ಕ ನಿಮಗ ಇನ್ನೊಂದು ಜನ್ಮ ಬೇಕಾಗತೈತಿ ನೋಡ್ರಿ" ಅಂದಳು.

ಲೇತಿನ ಜೀವ ಇರುವುದು ಅದರ ಬೆಡ್ಡಿನಲ್ಲಿ. ಬೆಡ್ಡೆಂದರೆ ಉದ್ದಕ್ಕೂ ಚಾಚಿಕೊಂಡ ಕಬ್ಬಿಣದ ಹಳಿಗಳು. ಕಡೆಯುವ ಉಳಿಯನ್ನು ಹಿಡಿದ ಭಾಗ ಅವುಗಳ ಮೇಲೆ ಹಿಂದೆ ಮುಂದೆ ಓಡುತ್ತದೆ. ಹಳಿ ಸವೆದಿದ್ದರೆ ನೀವು ಎಷ್ಟೇ ನೆಟ್ಟಗೆ ಕಡೆದರೂ ಸಲಾಕೆ ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ಸಣ್ಣ ಆಗುತ್ತದೆ. ಅದನ್ನು ಕೈಯಿಂದಲೇ ಸರಿ ಮಾಡುವ ಹಳೆಯ ವಿದ್ಯೆ ಒಂದಿದೆ. ಖಚಿತವಾಗಿ ನೆಟ್ಟಗಿರುವ ಪಟ್ಟಿಗೆ ನೀಲಿ ಬಣ್ಣ ಸವರಿ ಹಳಿಯ ಮೇಲೆ ಉಜ್ಜಬೇಕು. ನೀಲಿ ಅಂಟಿದ ಜಾಗ ಉಬ್ಬು ಎಂದು ಅರ್ಥ. ಅಲ್ಲಿ ಮಾತ್ರ ಸ್ಕ್ರೇಪರ್ ಎಂಬ ಚೂಪು ಬಾಯಿಯ ಉಳಿಯಿಂದ ಧೂಳಿನಷ್ಟು ಕಬ್ಬಿಣ ಹೆರೆಯಬೇಕು. ಒರೆಸಬೇಕು, ಮತ್ತೆ ನೀಲಿ ಹಚ್ಚಬೇಕು, ಮತ್ತೆ ಹೆರೆಯಬೇಕು. ಒಂದು ಗೀರು ಆಳವಾಗಿ ಬಿದ್ದರೆ ಇಡೀ ಹಳಿಯನ್ನೇ ಅಷ್ಟು ಕೆಳಗೆ ತರಬೇಕಾಗುತ್ತದೆ. ನಾನು ಏಳು ತಿಂಗಳು ಹೆರೆದೆ. ಇಂಥ ಕೆಲಸ ಈ ಊರಿನಲ್ಲಿ ಮಾಡಬಲ್ಲವರು ಈಗ ಬೆರಳೆಣಿಕೆಯಷ್ಟು ಜನ, ಅವರಲ್ಲಿ ನಾನೊಬ್ಬ ಎಂದು ನಾಚಿಕೆ ಇಲ್ಲದೆ ಹೇಳುತ್ತೇನೆ.

ನನಗೆ ಇದನ್ನು ಕಲಿಸಿದವರು ಕಾರ್ಖಾನೆಯ ರಹೀಮ್ ಉಸ್ತಾದರು. ಅವರೂ ರಾಯಚೂರಿನ ಕಡೆಯವರೇ. ನನ್ನ ಜೊತೆ ಮಾತ್ರ ಕನ್ನಡ, ಉಳಿದವರ ಜೊತೆ ಹಿಂದಿ. ಎಡಗೈಯವರು. ಅವರ ಬಾಯಿಂದ ಶಹಬ್ಬಾಸ್ ಎಂಬ ಮಾತು ಯಾರೂ ಕೇಳಿದವರಿಲ್ಲ. ಶಿಷ್ಯನ ಕೆಲಸ ನಿಜವಾಗಿ ಮನಸ್ಸಿಗೆ ಬಂದರೆ ಅವರು ತಮ್ಮ ಸ್ಕ್ರೇಪರ್ ತೆಗೆದು ಆ ಕೆಲಸದ ಬಲ ಮೂಲೆಯಲ್ಲಿ ಮೂರು ಗೀರು ಎಳೆಯುತ್ತಿದ್ದರು. ಎಡಗೈಯ ಗೀರು, ನಮ್ಮೆಲ್ಲರ ಗೀರಿಗೆ ತಿರುವುಮುರುವಾಗಿ ವಾಲುತ್ತಿತ್ತು. ಆ ಮೂರು ಗೀರು ಬಿದ್ದವನು ಆ ದಿನ ಎಲ್ಲರಿಗೂ ಚಹಾ ಕುಡಿಸುತ್ತಿದ್ದ.

ನನಗೆ ಅದು ಬೀಳಲಿಲ್ಲ. ಜೊತೆಗೆ ಸೇರಿದ ವೆಂಕಟೇಶಂಗೆ ಮೂರನೇ ವರ್ಷಕ್ಕೇ ಬಿತ್ತು. ಆರನೇ ವರ್ಷ ನಾನು ತಾಳ್ಮೆ ಕಳೆದುಕೊಂಡು ಮಾಡಬಾರದ್ದನ್ನು ಮಾಡಿದೆ. ಅಂಗೈಯಗಲದ ಒಂದು ಕಬ್ಬಿಣದ ಹಲಗೆಯನ್ನು ಚೆನ್ನಾಗಿ ಹೆರೆದು ಮುಗಿಸಿ, ಉಸ್ತಾದರು ರಜೆಯಲ್ಲಿದ್ದಾಗ, ಸ್ಕ್ರೇಪರನ್ನು ಎಡಗೈಗೆ ತೆಗೆದುಕೊಂಡು ನಾನೇ ಮೂರು ಗೀರು ಎಳೆದೆ. ಉಸ್ತಾದರು ಹೋಗುವ ಮುಂಚೆ ಹಾಕಿಕೊಟ್ಟರು ಎಂದು ಎಲ್ಲರಿಗೂ ತೋರಿಸಿ ಚಹಾ ಕುಡಿಸಿದೆ. ಮರಳಿ ಬಂದ ಉಸ್ತಾದರು ಹಲಗೆಯನ್ನು ಎತ್ತಿಕೊಂಡು ಗೀರಿನ ಮೇಲೆ ಹೆಬ್ಬೆರಳು ಆಡಿಸಿದರು.

"ಗೀರು ನಂದು ಇದ್ದಂಗ ಐತಿ ಬೇಟಾ. ಕೈ ನಂದಲ್ಲ" ಅಂದರು. ಅಷ್ಟೇ.

ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ವಾಸಿ ಇತ್ತು. ಆಮೇಲೂ ಮೊದಲಿನಂತೆಯೇ ಕಲಿಸಿದರು, ಮನೆಗೆ ಕರೆದು ಈದಿನ ಖೀರು ಕುಡಿಸಿದರು. ಆದರೆ ಮೂರು ಗೀರು ಮಾತ್ರ ಕೊನೆಯವರೆಗೂ ಹಾಕಲಿಲ್ಲ. ನಾನು ಲೇತ್ ತರುವುದಕ್ಕೆ ನಾಲ್ಕು ವರ್ಷ ಮುಂಚೆ ಅವರು ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ.

ಇನ್ನು ಆ ದಸರೆ. ಖಂಡೇ ನವಮಿಯ ಬೆಳಿಗ್ಗೆ ಕೊನೆಯ ಪರೀಕ್ಷೆ ಮಾಡಿದೆ. ಒಂದು ಅಡಿ ಉದ್ದದ ಸಲಾಕೆಯನ್ನು ಲೇತಿಗೆ ಕಟ್ಟಿ ಕಡೆದು, ಎರಡೂ ತುದಿಗೆ ಮೈಕ್ರೋಮೀಟರ್ ಹಚ್ಚಿ ನೋಡಿದೆ. ಎರಡೂ ಕಡೆ ಒಂದೇ ಅಳತೆ. ಸಲಾಕೆ ತಣ್ಣಗಾಗಲಿ ಎಂದು ಕಾದು ಮತ್ತೆ ನೋಡಿದೆ, ಆಗಲೂ ಅಷ್ಟೇ. ನನ್ನ ಎದೆ ಹೇಗೆ ಉಬ್ಬಿತೆಂದು ಹೇಳಲಾರೆ. ಹೊಸ ಯಂತ್ರವೂ ನಾಚಬೇಕಾದ ಕೆಲಸ ಅದು. ಅದೇ ಉಸಿರಿನಲ್ಲಿ, ಇದನ್ನು ನೋಡಲು ಅವರಿಲ್ಲವಲ್ಲ ಎಂದು ದುಃಖವೂ ಆಯಿತು.

ಬೆಡ್ಡನ್ನು ಮೂಲೆ ಮೂಲೆ ಒರೆಸಿ ಎಣ್ಣೆ ಸವರಿದೆ. ಕಮಲಾ ಕೆಂಪು ವಸ್ತ್ರದ ಮೇಲೆ ಸ್ಕ್ರೇಪರು, ಮೈಕ್ರೋಮೀಟರು ಎಲ್ಲ ಇರಿಸಿ ಕುಂಕುಮ ಹಚ್ಚಿದಳು. ಲೇತಿಗೆ ಚೆಂಡುಹೂವಿನ ಮಾಲೆ ಹಾಕಿ, ಅರಿಶಿನದ ದಾರ ಸುತ್ತಿದಳು. ನವಮಿಗೆ ಪೂಜೆಗಿಟ್ಟ ಹತ್ಯಾರವನ್ನು ಮರುದಿನ ಬನ್ನಿ ಹಂಚುವ ತನಕ ಮುಟ್ಟಬಾರದೆಂಬುದು ನಮ್ಮ ಮನೆಯ ಪದ್ಧತಿ. ಕಮಲಾ ಶೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಿಮ್ಮ ಕೈ ಸುಮ್ನ ಇರಂಗಿಲ್ಲ, ನನಗ ಗೊತ್ತೈತಿ" ಅಂದಳು. ಆ ಬೀಗಕ್ಕೆ ಇದ್ದದ್ದು ಅದೊಂದೇ ಕೀಲಿ.

ಮರುದಿನ ಸಂಜೆ ನಾಲ್ಕರ ಸುಮಾರಿಗೆ ವೆಂಕಟೇಶಂ ಬನ್ನಿ ಎಲೆ ಹಿಡಿದು ಬಂದ. ಬನ್ನಿ ಕೊಟ್ಟು ತಬ್ಬಿಕೊಂಡದ್ದಾದ ಮೇಲೆ, ಏಳು ತಿಂಗಳಿಂದ ಕೊಚ್ಚಿಕೊಳ್ಳುತ್ತಿದ್ದೀಯಲ್ಲ, ತೋರಿಸು ಅಂದ. ಕಮಲಾ ಬಂದು ಬೀಗ ತೆಗೆದಳು. ಮಾಲೆ ಹಾಕಿದಂತೆಯೇ ಇತ್ತು, ದಾರ ಹರಿದಿರಲಿಲ್ಲ, ಸ್ಕ್ರೇಪರಿನ ಮೇಲಿನ ಕುಂಕುಮ ಒಣಗಿ ಹಾಗೇ ಕೂತಿತ್ತು. ವೆಂಕಟೇಶಂ ಕನ್ನಡಕ ಏರಿಸಿಕೊಂಡು ಬೆಡ್ಡಿನ ಎಣ್ಣೆಯನ್ನು ಬೆರಳಿನಿಂದ ಸರಿಸುತ್ತ ಎಡದಿಂದ ಬಲಕ್ಕೆ ಹೋದ. ಮೂಲೆಗೆ ಬಂದು ನಿಂತ.

"ಯೇ ಉಸ್ತಾದ್ ಸೆ ಕಬ್ ಕರಾಯೇ ಭಾಯಿ?" ಅಂದ. ಇದನ್ನು ಉಸ್ತಾದರ ಕೈಲಿ ಯಾವಾಗ ಮಾಡಿಸಿದೆ ಎಂದು, ತೀರ ಸಹಜವಾಗಿ ಕೇಳಿದ. ಕೇಳಿದ ಮೇಲೆ ಉಸ್ತಾದರು ತೀರಿಕೊಂಡದ್ದು ನೆನಪಾಗಿ ಬೆರಳನ್ನು ಹಿಂದೆಳೆದುಕೊಂಡ.

ನಾನು ಬಗ್ಗಿ ನೋಡಿದೆ. ಬಲ ಮೂಲೆಯಲ್ಲಿ ಮೂರು ಗೀರು, ತಿರುವುಮುರುವಾಗಿ ವಾಲಿದ್ದವು. ಎಣ್ಣೆಯಲ್ಲಿ ಆಗಷ್ಟೇ ಹೆರೆದ ಬೂದು ಬಣ್ಣದ ಧೂಳು ತೇಲುತ್ತಿತ್ತು. ಹಿಂದಿನ ದಿನ ಆ ಮೂಲೆಯನ್ನು ಒರೆಸಿದ್ದು ನಾನೇ, ಅಲ್ಲಿ ಏನೂ ಇರಲಿಲ್ಲ.

"ನೀವಾ ಮಾಡಿ ಮರ್ತೀರೇನು?" ಕಮಲಾ ಮೆಲ್ಲಗೆ ಕೇಳಿದಳು. ಕೇಳುವಾಗ ಅವಳ ಕೈ ತಾನಾಗಿ ಸೊಂಟದ ಕೀಲಿಗೆ ಹೋಯಿತು. ಆಮೇಲೆ ಅವಳೇ, "ಪೂಜಿ ಮಾಡಿದಾಕಿ ನಾನು. ಬಂದು ಹೋದಾವ್ರು ನಿಮ್ಮ ಕಡಿಯಾವ್ರು" ಅಂದು, ಲೇತಿನ ಮುಂದೆ ಇನ್ನೆರಡು ಊದಿನಕಡ್ಡಿ ಹಚ್ಚಿದಳು.

ನನ್ನ ಅನುಮಾನ ಅಷ್ಟಕ್ಕೆ ಬಿಡುವಂಥದ್ದಲ್ಲ. ಆರನೇ ವರ್ಷದ ಆ ಹಲಗೆಯನ್ನು ನಾನು ಎಸೆದಿರಲಿಲ್ಲ, ಟ್ರಂಕಿನ ತಳದಲ್ಲಿತ್ತು. ತಂದು ಪಕ್ಕದಲ್ಲಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆವು. ನನ್ನ ಕಳ್ಳ ಗೀರು ಶುರುವಿಗೆ ಆಳ, ಹೋಗುತ್ತ ಹೋಗುತ್ತ ತೇಲಿದೆ. ಬೆಡ್ಡಿನ ಮೇಲಿನವು ಹಗುರಾಗಿ ಶುರುವಾಗಿ ಕೊನೆಗೆ ಕಚ್ಚುತ್ತವೆ. ಉಸ್ತಾದರ ಕೈ ಹಾಗೆಯೇ ನಡೆಯುತ್ತಿತ್ತು. ಆಮೇಲೆ ಎಷ್ಟೋ ದಿನ ಹಳೆ ಕಬ್ಬಿಣದ ತುಂಡುಗಳ ಮೇಲೆ ಎಡಗೈಯಿಂದ ಹಾಗೆ ಎಳೆಯಲು ನೋಡಿದ್ದೇನೆ. ಒಂದು ಸಲವೂ ಬಂದಿಲ್ಲ.

ಲೇತ್ ಈಗಲೂ ಕೂದಲೆಳೆ ತಪ್ಪದೆ ಓಡುತ್ತಿದೆ. ಆಗಾಗ ಹಳೆಯ ಗೆಳೆಯರು ನೋಡಲು ಬರುತ್ತಾರೆ. ಬೆಡ್ಡಿನ ಉದ್ದಕ್ಕೂ ಇರುವ ಕೆಲಸ ನನ್ನದು ಎಂದು ಎದೆ ತಟ್ಟಿ ಹೇಳುತ್ತೇನೆ, ಮೂಲೆಯ ಮೂರು ಗೀರು ಉಸ್ತಾದರವು ಎಂದೂ ಹೇಳುತ್ತೇನೆ. ಅವರು ನಕ್ಕು ಚಹಾ ಕುಡಿದು ಹೋಗುತ್ತಾರೆ. ಒಂದು ಕಾಲಕ್ಕೆ ಇದೇ ಮಾತನ್ನು ಸುಳ್ಳು ಹೇಳಿದಾಗ ಇಡೀ ಟೂಲ್‌ರೂಮು ನಂಬಿತ್ತು. ಈಗ ನಿಜ ಹೇಳಿದರೆ ಗೆಳೆಯರಲ್ಲಿ ವೆಂಕಟೇಶಂ ಒಬ್ಬನ ಹೊರತು ಯಾರೂ ನಂಬುವುದಿಲ್ಲ. ಹೆಬ್ಬೆರಳು ಆಡಿಸಿ ಕೈ ಯಾರದೆಂದು ಹೇಳಬಲ್ಲವರು ಒಬ್ಬರೇ ಇದ್ದರು, ಅವರನ್ನು ಕೇಳುವಂತಿಲ್ಲ. ದಿನಾ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದ ಕೂಡಲೇ ನಾನೇ ಆ ಮೂಲೆಗೆ ಹೋಗಿ ಹೆಬ್ಬೆರಳು ಆಡಿಸುತ್ತೇನೆ.