ಮಾದೇವಮಾವನ ಎಡಗೈ ಚಾಕು

ಆಗ ನಮ್ಮೂರಿನ ಗಂಡಸರ ಜೇಬಿಗೆ ಕೈ ಹಾಕಿದರೆ ಬೀಡಿ ಸಿಗದೆ ಇರಬಹುದಿತ್ತು, ಚಾಕು ಸಿಗದೆ ಇರುತ್ತಿರಲಿಲ್ಲ. ಮಡಚುವ ಚಾಕು. ಅಡಿಕೆ ಸೀಳುವುದಕ್ಕೆ, ಕಬ್ಬು ಸಿಗಿಯುವುದಕ್ಕೆ, ಎತ್ತಿನ ಹಗ್ಗ ಕುಯ್ಯುವುದಕ್ಕೆ, ಕಾಲಿಗೆ ನಾಟಿದ ಜಾಲಿ ಮುಳ್ಳು ತೆಗೆಯುವುದಕ್ಕೆ, ಎಲ್ಲಕ್ಕೂ ಅದೇ. ಮದುವೆ ಮನೆಗೆ ಹೊರಟಾಗಲೂ ಬಿಳಿ ಪಂಚೆಯ ಸೊಂಟದಲ್ಲಿ ಅದು ಉಬ್ಬಿಕೊಂಡು ಕಾಣುತ್ತಿತ್ತು. ಯಾರೂ ಅದನ್ನು ಆಯುಧ ಅಂದುಕೊಂಡಿರಲಿಲ್ಲ. ಹುಡುಗರ ಕೈಗೆ ಚಾಕು ಕೊಡುತ್ತಿರಲಿಲ್ಲ. ಅದಕ್ಕೇ ನಾವು ಮಳೆ ಬಿದ್ದ ಹಸಿ ನೆಲಕ್ಕೆ ದೊಡ್ಡ ಮೊಳೆ ಎಸೆದು ನಾಟಿಸುವ ಆಟ ಆಡುತ್ತಾ, ದೊಡ್ಡವರಾಗುವುದನ್ನು ಕಾಯುತ್ತಿದ್ದೆವು.

ನಮ್ಮೂರು ಗುಂಡ್ಲುಪೇಟೆ ಕಡೆಯ ಬೇಗೂರಿನಿಂದ ಒಳಕ್ಕೆ, ಕಾಡಿನ ಅಂಚಿಗಿದೆ. ಮನೆಯ ಮುಂದಿನ ಕೋಣೆಯಲ್ಲೇ ಅಪ್ಪನ ಸೈಕಲ್ ರಿಪೇರಿ ಅಂಗಡಿ. ಹೊಟ್ಟೆಪಾಡು ಸೈಕಲ್ಲಿನಿಂದ, ಜೀವ ಮಾತ್ರ ಚಾಕುಗಳ ಮೇಲೆ. ಸಂತೆಮರಹಳ್ಳಿ ಸಂತೆಗೆ ಹೋದರೆ ಬೇರೆಯವರು ಮೆಣಸಿನಕಾಯಿ, ಬೆಲ್ಲ ನೋಡುತ್ತಿದ್ದರೆ ಅಪ್ಪ ಹಳೆ ಕಬ್ಬಿಣದ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದ. ತುಕ್ಕು ಹಿಡಿದವು, ಹಿಡಿ ಒಡೆದವು, ಸ್ಪ್ರಿಂಗು ಸತ್ತವು, ಅಂಥ ಚಾಕುಗಳನ್ನೇ ಆರಿಸಿ ತರುತ್ತಿದ್ದ. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಇಟ್ಟಿಗೆ ಪುಡಿಯಲ್ಲಿ ತಿಕ್ಕಿ, ಮಸೆಕಲ್ಲಿನ ಮೇಲೆ ಎಳೆದೆಳೆದು ಅಲಗಿಗೆ ಮತ್ತೆ ಜೀವ ತರುತ್ತಿದ್ದ. ಹಿಡಿಗೆ ಕಡವೆ ಕೊಂಬು. ದನ ಮೇಯಿಸುವವರು ಕಾಡಿನಲ್ಲಿ ಉದುರಿಬಿದ್ದ ಕೊಂಬನ್ನು ತಂದುಕೊಡುತ್ತಿದ್ದರು. ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ತಪ್ಪು ಅಂತ ಎಲ್ಲರಿಗೂ ಗೊತ್ತಿತ್ತು. ತಾನಾಗಿ ಉದುರಿದ್ದಲ್ಲವೇ, ಯಾರು ಕೇಳುತ್ತಾರೆ ಅನ್ನುವ ಧೈರ್ಯ. ಅಪ್ಪ ಕೊಂಬಿಗೆ ಅರ ಹಾಕಿ ಉಜ್ಜಿದರೆ ಬೀದಿಗೆಲ್ಲ ಕೂದಲು ಸುಟ್ಟ ವಾಸನೆ ಬರುತ್ತಿತ್ತು.

ಅಪ್ಪನದು ಒಂದು ಪದ್ಧತಿ ಇತ್ತು. ಚಾಕು ಬೇಕು ಅಂತ ಬಂದವನ ಕೈಗೆ ಮೊದಲು ಕೆರೆಯ ಜೇಡಿಮಣ್ಣಿನ ಒಂದು ಉಂಡೆ ಕೊಡುತ್ತಿದ್ದ. ಮುದ್ದೆ ಹಿಚುಕಿದ ಹಾಗೆ ಗಟ್ಟಿಯಾಗಿ ಹಿಡಿ ಅನ್ನುತ್ತಿದ್ದ. ಬೆರಳುಗಳ ಗುರುತು ಮೂಡಿದ ಆ ಮಣ್ಣನ್ನು ನೆರಳಲ್ಲಿ ಒಣಗಿಸಿ, ಅದನ್ನು ನೋಡಿಕೊಂಡು ಕೊಂಬನ್ನು ಕೊರೆಯುತ್ತಿದ್ದ. ಹಾಗಾಗಿ ಅವನು ಮಾಡಿದ ಚಾಕು ಒಬ್ಬನ ಮುಷ್ಟಿಗೇ ಕೂರುತ್ತಿತ್ತು, ಇನ್ನೊಬ್ಬನ ಕೈಗೆ ಒತ್ತುತ್ತಿತ್ತು. ನಮ್ಮ ಮನೆಯ ಅಟ್ಟದ ಮೇಲೆ ಊರಿನ ಗಂಡಸರ ಮುಷ್ಟಿಗಳೆಲ್ಲ ಮಣ್ಣಾಗಿ ಸಾಲಾಗಿ ಕೂತಿದ್ದವು.

ಅಪ್ಪ ಬಹಳ ದಿನ ಹಿಡಿದು ಮಾಡಿದ ಚಾಕು ಮಾದೇವಮಾವನದು. ಅಮ್ಮನ ತಮ್ಮ, ನಮ್ಮ ಪಕ್ಕದ ಮನೆಯಲ್ಲೇ ಇದ್ದ, ಇನ್ನೂ ಮದುವೆಯಾಗಿರಲಿಲ್ಲ. ಊರಿಗೆಲ್ಲ ಅವನೊಬ್ಬನೇ ಎಡಚ. ಊಟ ಬಲಗೈಯಲ್ಲಿ ಕಲಿಸಿದ್ದರು, ಉಳಿದ ಕೆಲಸಕ್ಕೆಲ್ಲ ಎಡಗೈಯೇ ಮುಂದೆ ಬರುತ್ತಿತ್ತು. ಆ ಹಿಡಿ ಸರಿಯಾಗಿ ಬರಬೇಕಲ್ಲ ಅಂತ ಅಪ್ಪ ತನ್ನ ಎಡಗೈಗೆ ಇಟ್ಟು ಇಟ್ಟು ನೋಡಿ, ಅಡಿಕೆ ಸೀಳಿ ಸೀಳಿ ಪರೀಕ್ಷೆ ಮಾಡಿದ್ದ. ಮುಗಿದ ದಿನ ಅದನ್ನು ಪದ್ಧತಿಯಂತೆ ನೆಲಕ್ಕಿಡಲು ಬಗ್ಗಿದ. ಚಾಕನ್ನು ಕೈಯಿಂದ ಕೈಗೆ ಕೊಟ್ಟರೆ ಸಂಬಂಧ ಕಡಿಯುತ್ತದೆ ಅಂತ ನಮ್ಮ ಕಡೆ ನಂಬಿಕೆ. ಮಾವನಿಗೆ ತಡೆಯಲಿಲ್ಲ. ಅಪ್ಪನ ಕೈಯಿಂದಲೇ ಕಿತ್ತುಕೊಂಡ.

ಅವರೆಕಾಯಿ ಬಿಡಿಸುತ್ತಿದ್ದ ಅಮ್ಮನ ಕೈ ನಿಂತಿತು.

"ನೆಲಕ್ಕೆ ಮಡಗಿದ್ಮೇಲೆ ತಕಬೇಕು ಕಣ್ಲಾ," ಅಂದಳು.

"ಸುಮ್ಕಿರಕ್ಕ. ಭಾವುಂಗೂ ನಂಗೂ ಏನ್ ಕಡ್ದೋದದು?"

ಮಾವ ಚಾಕನ್ನು ಟಕ್ ಎಂದು ತೆರೆದ, ಟಕ್ ಎಂದು ಮುಚ್ಚಿದ. ಅಂದಿನಿಂದ ಅವನು ಎಲ್ಲಿ ಬಂದರೂ ಮುಂಚೆ ಆ ಟಕ್ ಟಕ್ ಬರುತ್ತಿತ್ತು. ನನಗೂ ಬೇಕು ಅಂತ ನಾನು ಅಪ್ಪನ ಕಾಲಿಗೆ ಸುತ್ತಿಕೊಂಡೆ. ಅಪ್ಪ ನನ್ನ ಕೈಗೂ ಸಣ್ಣ ಉಂಡೆ ಮಣ್ಣು ಇಟ್ಟು ಹಿಡಿಸಿದ. "ವರ್ಷ ವರ್ಷಾನೂ ಒಂದೊಂದು ಹಿಡಿಸ್ತೀನಿ. ಯಾವಾಗ ಅಳತೆ ಬೆಳೆಯಕಿಲ್ವೋ ಆಗ ನಿನ್ನ ಕೈ ಬಲ್ತದೆ ಅಂತ. ಆವತ್ತು ನಿಂಗೊಂದು ಚಾಕು," ಅಂದ.

ಆ ಚಳಿಗಾಲ ಹಂದಿಗಳ ಕಾಟ ಜಾಸ್ತಿಯಾಗಿತ್ತು. ಹುರುಳಿ, ಅವರೆ, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ, ಕಾಡಿನ ಕಡೆಯಿಂದ ಒಂದು ಕೂಗು ಬಂತು. ನಾಯಿಯದಲ್ಲ, ದನದ್ದಲ್ಲ. ಗರಗಸದಲ್ಲಿ ಹಸಿ ಮರ ಕುಯ್ದ ಹಾಗೆ, ನಿಂತು ನಿಂತು. ಊರ ನಾಯಿಗಳು ಬೊಗಳಲಿಲ್ಲ, ಮನೆಯೊಳಕ್ಕೆ ಬಂದು ಒಲೆಯ ಹತ್ತಿರ ಮಲಗಿದವು. ಆಗ ಮಾದೇವಮಾವ ಹಿತ್ತಿಲ ಬಾಗಿಲಿಂದ ಬಂದ. ಅವನು ಬಂದದ್ದೇ ನಮಗೆ ಗೊತ್ತಾಗಲಿಲ್ಲ. ಟಕ್ ಟಕ್ ಇರಲಿಲ್ಲ.

ಅಪ್ಪ ಅವನ ಕೈಯನ್ನೇ ನೋಡಿದ. "ಚಾಕು ಎಲ್ಲಲಾ?"

"ಬಿದ್ದೋಯ್ತು ಭಾವ." ಮಾವ ಹಿತ್ತಿಲ ಬಾಗಿಲು ಹಾಕಿದ. "ಹಂದಿಗೆ ಅಂತ ಬೇಲಿಗೆ ಉರುಳು ಒಡ್ಡಿದ್ದೆ. ಚಿರತೆ ಸಿಗಾಕ್ಕಂಡದೆ. ತಂತಿಗೆ ಕಟ್ಟಿದ್ದ ಹಗ್ಗ ಕುಯ್ದು ಬುಡನ ಅಂತ ಓದೆ. ಮೇಲಕ್ಕೇ ನೆಗೀತು. ಅಲ್ಲೇ ಬಿಸಾಕಿ ಓಡಿಬಂದೆ."

"ಉರುಳಿಗೆ ತಂತಿ ಎಲ್ಲೀದು?"

ಮಾವ ಅಂಗಡಿಯ ಗೋಡೆಯಲ್ಲಿ ಬ್ರೇಕ್ ತಂತಿ ನೇತುಹಾಕುತ್ತಿದ್ದ ಮೊಳೆಯನ್ನು ನೋಡಿದ. ಅದು ಬರೀ ಮೊಳೆಯಾಗಿತ್ತು.

ವಾಪಸ್ಸು ಹೋಗಿ ಚಾಕು ತರೋಣ ಅಂದರೆ ಆಗುವಂತಿರಲಿಲ್ಲ. ದನ ಮೇಯಿಸುವವರು ಕೂಗು ಕೇಳಿ ಆಗಲೇ ಅರಣ್ಯದವರಿಗೆ ಸುದ್ದಿ ಮುಟ್ಟಿಸಿದ್ದರು. ಮಧ್ಯಾಹ್ನಕ್ಕೆ ಕೂಗು ನಿಂತಿತು. ಕೂಗುತ್ತಿದ್ದಾಗ ಇದ್ದದ್ದಕ್ಕಿಂತ ಹೆಚ್ಚು ಭಯ ಅದು ನಿಂತಾಗ ಆಯಿತು. ಹದ್ದುಗಳು ಅಲ್ಲೇ ಸುತ್ತುವುದು ನಮ್ಮ ಹಿತ್ತಿಲಿಂದ ಕಾಣುತ್ತಿತ್ತು.

ಅಪ್ಪ ಅಟ್ಟ ಹತ್ತಿದ. ಮಣ್ಣಿನ ಮುಷ್ಟಿಗಳನ್ನೆಲ್ಲ ಮಂಕರಿಗೆ ತುಂಬಿ ಕೆಳಗೆ ಇಳಿಸಿದ. ಕೊಂಬು ಬಚ್ಚಿಟ್ಟು ಪ್ರಯೋಜನವಿಲ್ಲ, ಅದರ ವಾಸನೆ ಊರಿಗೇ ಗೊತ್ತು, ಆದರೆ ಅರಣ್ಯದವರ ಕೈಗೆ ಇವು ಸಿಕ್ಕರೆ ಯಾವ ಚಾಕು ಯಾರದು ಅಂತ ಹೇಳಲು ಬೇರೆ ಸಾಕ್ಷಿ ಬೇಡ ಅಂದ. ಕರುಗಳಿಗೆ ನೀರಿಡುವ ಕಲ್ಲುಬಾನಿಗೆ ನಾನೂ ಅಮ್ಮನೂ ಒಂದೊಂದೇ ಹಾಕಿದೆವು. ಸುಡದ ಮಣ್ಣು, ನೀರಿಗೆ ಬಿದ್ದ ಕೂಡಲೇ ಬುಳುಬುಳು ಅನ್ನುತ್ತಿತ್ತು. ಮೊದಲು ಬೆರಳಿನ ಗುರುತು ಹೋಗುತ್ತಿತ್ತು, ಆಮೇಲೆ ಮುಷ್ಟಿ. ಅಮ್ಮ ನನ್ನ ಸಣ್ಣ ಉಂಡೆಯನ್ನು ಎತ್ತಿಕೊಂಡವಳು ಬಾನಿಯ ಮೇಲೆ ಕೈ ಚಾಚಿ ಹಾಗೇ ನಿಂತಳು. ಅಪ್ಪ ಆ ಕಡೆ ತಿರುಗಿದಾಗ ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗಿ ರಾಗಿ ಗುಡಾಣದೊಳಕ್ಕೆ ಇಳಿಬಿಟ್ಟಳು.

ಮಾರನೆ ದಿನ ಜೀಪು ಬಂತು. ಊರವರನ್ನೆಲ್ಲ ಅರಳಿಕಟ್ಟೆಗೆ ಸೇರಿಸಿದರು. ಬಂದಿದ್ದ ಫಾರೆಸ್ಟರ್ ನಮ್ಮ ಸೀಮೆಯವನೇ, ಬಾಯಲ್ಲಿ ಎಲೆ ಅಡಿಕೆ. ಒಮ್ಮೆಯೂ ದನಿ ಎತ್ತಲಿಲ್ಲ. ಅದೇ ಹೆದರಿಕೆ ತರುತ್ತಿತ್ತು. ಅಷ್ಟು ಹೊತ್ತಿಗೆ ನಮ್ಮ ಅಂಗಡಿಯಿಂದ ಕೊಂಬಿನ ತುಂಡುಗಳನ್ನೂ ಚಾಕುಗಳನ್ನೂ ಗೋಣಿಚೀಲಕ್ಕೆ ತುಂಬಿ ತಂದಿದ್ದರು. ಉರುಳಿನ ಬಳಿ ಸಿಕ್ಕ ಚಾಕು ಮಾತ್ರ ಅವನ ಕೈಯಲ್ಲೇ ಇತ್ತು.

"ನಂಜುಂಡ, ತಂತಿ ನಿನ್ನಂಗಡೀದು. ಕೊಂಬು ನಿನ್ನ ಕೆಲಸ. ಚಾಕು ಯಾರದು, ಅಷ್ಟು ಹೇಳ್ಬುಡು," ಅಂದ ಅಪ್ಪನಿಗೆ.

"ಅದೂ ನಂದೇ ಸ್ವಾಮಿ."

ಫಾರೆಸ್ಟರ್ ಚಾಕನ್ನು ಬಲಗೈಯಲ್ಲಿ ಹಿಡಿದು ನೋಡಿದ. ಕೂರಲಿಲ್ಲ. ಎಡಗೈಗೆ ಬದಲಾಯಿಸಿದ. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ಜನರ ಮೇಲೆಲ್ಲ ಕಣ್ಣು ಹಾಯಿಸಿದ.

"ಇದು ಎಡಚಂದು ಕಣಯ್ಯ."

 ಎಲ್ಲರೂ ತಂತಮ್ಮ ಕಾಲು ನೋಡಿಕೊಂಡರು. ಮಾದೇವಮಾವ ಹಿಂದಿನ ಸಾಲಲ್ಲಿ, ಚಳಿಗೆ ಅನ್ನುವ ಹಾಗೆ ಎರಡು ಕೈಯನ್ನೂ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ.

"ನಾನು ಎಡಚನೇ," ಅಂದ ಅಪ್ಪ.

ಫಾರೆಸ್ಟರ್ ಚಾಕನ್ನು ಅಪ್ಪನ ಕೈಗೆ ಕೊಡಲಿಲ್ಲ. ಅವನಿಗೂ ಪದ್ಧತಿ ಗೊತ್ತಿತ್ತು. ಕಟ್ಟೆಯ ಕಲ್ಲಿನ ಮೇಲೆ ಇಟ್ಟ. ಪಕ್ಕದಲ್ಲಿ ತನ್ನ ಸಂಚಿಯಿಂದ ತೆಗೆದ ಒಂದು ಅಡಿಕೆ ಇಟ್ಟ. "ಸೀಳು, ನೋಡನ," ಅಂದ.

 ಅಪ್ಪ ಬಲಗೈ ಮುಂದೆ ಚಾಚಿದರೆ ಮುಗಿಯಿತು. ಹುಟ್ಟಿದಾಗಿನಿಂದ ಬಲಗೈಯಲ್ಲೇ ಬದುಕಿದವನು. ಅಮ್ಮನ ಉಗುರು ನನ್ನ ಭುಜಕ್ಕೆ ನಾಟಿತ್ತು. ಅಪ್ಪ ಎಡಗೈಯಲ್ಲಿ ಚಾಕು ಎತ್ತಿಕೊಂಡ. ಹೆಬ್ಬೆರಳಿಗೆ ಅಡಿಕೆ ಒತ್ತಿ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಒಂದು ಚೂರು, ಇನ್ನೊಂದು ಚೂರು ಇಳಿಸಿದ. ಮಾವನಿಗೋಸ್ಕರ ಅಂಗಡಿಯಲ್ಲಿ ಕೂತು ಪರೀಕ್ಷೆ ಮಾಡುತ್ತಿದ್ದಾಗ ಹೇಗೋ ಹಾಗೆ. ಆಮೇಲೆ ಆ ಚೂರುಗಳನ್ನು ಎಡಗೈಯಲ್ಲೇ ಫಾರೆಸ್ಟರ್ ಮುಂದೆ ಹಿಡಿದ.

"ಎಡಗೈಲಿ ಕೊಡ್ತಿಯಲ್ಲಯ್ಯ ನಂಗೆ."

"ಹುಟ್ಟು ಬುದ್ಧಿ ಸ್ವಾಮಿ. ತೆಪ್ಪು ತಿಳ್ಕಬ್ಯಾಡಿ."

ಅವನು ನಂಬಿದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಡಿಕೆ ಚೂರನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಜೀಪು ಹತ್ತುವಾಗ ಅಪ್ಪ ಅಮ್ಮನಿಗೆ ಮೆಲ್ಲಗೆ ಹೇಳಿದ. "ಎಂಗೂ ಕೊಂಬಿನ ಕೇಸಲ್ಲಿ ನನ್ನ ಬುಡಕಿಲ್ಲ. ಒಂದು ಮನೆಯಿಂದ ಒಬ್ಬ ಓದ್ರೆ ಸಾಕು."

ಅಂದು ಸಂಜೆ, ಹೊತ್ತು ಮುಳುಗುವ ಮುಂಚೆ, ಊರಿನ ಗಂಡಸರೆಲ್ಲ ಒಬ್ಬೊಬ್ಬರಾಗಿ ಕೆರೆಯ ಕಡೆ ಹೋಗಿ ಬಂದರು. ಹೋಗುವಾಗ ಸೊಂಟ ಉಬ್ಬಿತ್ತು, ಬರುವಾಗ ಉಬ್ಬಿರಲಿಲ್ಲ. 

ಮಾದೇವಮಾವ ನಮ್ಮ ಹಿತ್ತಿಲಿಗೆ ಸೌದೆ ತಂದು ಹಾಕುತ್ತಿದ್ದ, ರಾಗಿ ಬೀಸಿಸಿ ತಂದು ಜಗಲಿಯಲ್ಲಿ ಇಡುತ್ತಿದ್ದ. ಹೊಸಿಲು ದಾಟಲಿಲ್ಲ. ಅಮ್ಮ ಕರೆಯಲೂ ಇಲ್ಲ. ಕೆಲವೇ ದಿನಕ್ಕೆ ಶುಂಠಿ ಹೊಲದ ಕೂಲಿಗೆ ಅಂತ ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ ವಯನಾಡಿಗೆ ಹೋದ. ಅಲ್ಲೇ ಉಳಿದುಬಿಟ್ಟ. "ಒಬ್ಬನ್ನ ಉಳಿಸ್ಕಳಕ್ಕೆ ಓಗಿ ಇಬ್ರುನ್ನೂ ಕಳ್ಕಂಡೆ," ಅಂತ ಅಮ್ಮ ಒಲೆಯ ಮುಂದೆ ಕೂತು ಹೇಳಿಕೊಳ್ಳುತ್ತಿದ್ದಳು.

ಮತ್ತೆ ಅವರೆ ಹೂ ಬಿಡುವ ಹೊತ್ತಿಗೆ ಅಪ್ಪ ಜಾಮೀನಿನ ಮೇಲೆ ಜೈಲಿನಿಂದ ಮನೆಗೆ ಬಂದ. ಆದರೆ ಕೇಸು ಮುಗಿಯಲಿಲ್ಲ. ಚಾಮರಾಜನಗರದ ಕೋರ್ಟಿಗೆ ವರ್ಷಗಟ್ಟಲೆ ಅಲೆದ. ಎಡಚ ಅಂತ ಹೇಳಿಯಾಗಿತ್ತಲ್ಲ, ಅಲ್ಲಿ ಎಡಚನಾಗಿಯೇ ಇರಬೇಕಿತ್ತು. ಎಡಗೈಯಲ್ಲಿ ರುಜು ಹಾಕುವುದನ್ನು ಕಲಿತ. ರಸ್ತೆಯಲ್ಲಿ ಜೀಪಿನ ಸದ್ದು ಕೇಳಿದರೆ ಸಾಕು, ಪಂಕ್ಚರ್ ಹಾಕುತ್ತಿದ್ದವನು ಸುತ್ತಿಗೆಯನ್ನು ಎಡಗೈಗೆ ಬದಲಾಯಿಸುತ್ತಿದ್ದ. ಹೆಬ್ಬೆರಳು ಜಜ್ಜಿಕೊಳ್ಳುತ್ತಿದ್ದ. ಕೆಲಸ ಕೆಟ್ಟಿತು, ಗಿರಾಕಿಗಳು ಕಡಿಮೆಯಾದರು. ನಾನು ಸ್ಕೂಲು ಬಿಟ್ಟು ಅಂಗಡಿಗೆ ಕೂತೆ. ಎಸ್ಸೆಸ್ಸೆಲ್ಸಿ ಬರೆದದ್ದು ಮೀಸೆ ಬಂದ ಮೇಲೆ. ಅಪ್ಪ ಮಾತ್ರ ಮತ್ತೆ ಅರ ಮುಟ್ಟಲಿಲ್ಲ, ಜೇಡಿಮಣ್ಣು ತರಲಿಲ್ಲ. ಕೇಸು ಬಿದ್ದುಹೋದ ಮೇಲೂ ಎರಡು ಕೈಯಲ್ಲಿ ಯಾವುದನ್ನು ಚಾಚಬೇಕು ಅಂತ ಒಂದು ಗಳಿಗೆ ಅನುಮಾನಿಸುತ್ತಿದ್ದ. ಆ ಅಭ್ಯಾಸ ಅವನು ಸಾಯುವವರೆಗೂ ಹೋಗಲಿಲ್ಲ.

ಅಪ್ಪನನ್ನು ಮಣ್ಣು ಮಾಡುವ ದಿನ ಮಾದೇವಮಾವ ಬಂದಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಹಿಡಿ ಮಣ್ಣು ಹಾಕುವ ಸರದಿ ಬಂದಾಗ ಎಡಗೈಯಲ್ಲಿ ಎತ್ತಿಕೊಂಡ. ಪುರೋಹಿತರು ಏನೋ ಹೇಳಲು ಹೋದರು, ಅಮ್ಮ ಬೇಡ ಅಂತ ತಲೆಯಾಡಿಸಿದಳು. ಮಾವ ಆ ಮಣ್ಣನ್ನು ಬಿಡದೆ, ಮುಷ್ಟಿ ಬಿಗಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. ಅವನ ಹಿಂದೆ ನಿಂತವರು ಕಾದರು. ಬಿಟ್ಟಾಗ ಅದು ಬೆರಳಿನ ಗುರುತು ಹೊತ್ತ ಒಂದೇ ಉಂಡೆಯಾಗಿ ಬಿತ್ತು.

ಈಗ ನಮ್ಮೂರಲ್ಲಿ ಯಾರ ಜೇಬಲ್ಲೂ ಚಾಕು ಇಲ್ಲ. ಅಡಿಕೆ ಸೀಳಿದ್ದೇ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಕೆರೆಯ ಹೂಳು ತೆಗೆಸಿದಾಗ ಜೆಸಿಬಿಯ ಹಲ್ಲಿಗೆ ಎರಡು ಮೂರು ತುಕ್ಕು ತಿಂದ ಅಲಗುಗಳು ಸಿಕ್ಕಿದ್ದವಂತೆ, ಹುಡುಗರು ಏನೋ ಕಬ್ಬಿಣ ಅಂತ ಗುಜರಿಗೆ ಹಾಕಿದರು. ಕಳೆದ ಸುಗ್ಗಿಯಲ್ಲಿ ಅಮ್ಮ ಹಳೆ ಗುಡಾಣವನ್ನು ಬರಿದು ಮಾಡಿಸಿದಳು. ತಳದಲ್ಲಿ ನನ್ನ ಮಣ್ಣಿನ ಉಂಡೆ ಹಾಗೇ ಇತ್ತು, ಗುರುತುಗಳ ತುಂಬ ರಾಗಿ ಕಾಳು. ಊದಿ ತೆಗೆದು ಕೈಯಲ್ಲಿ ಹಿಡಿದು ನೋಡಿದೆ. ಎರಡು ಬೆರಳು ಮಾತ್ರ ಕೂತವು, ಉಳಿದವು ಆಚೆ ನಿಂತವು. ಅಳತೆ ಬೆಳೆಯುವುದು ನಿಂತು ಎಷ್ಟೋ ಕಾಲವಾಗಿದೆ. ನನ್ನ ಕೈ ಬಲಿತಿದೆ ಅಂತ ಹೇಳಬೇಕಾಗಿದ್ದವನು ಇಲ್ಲ.