ಆಡುಗಳ ಹಿಂದೆ ನಡೆದ ಕುದುರೆ

ಮಲಯಾಳಂ ಸೀಮೆಯ ಬೆಟ್ಟದೂರು ತೃಶ್ಶಿಲೇರಿಯಲ್ಲಿ ನನ್ನ ಬಾಡಿಗೆ ಮನೆಯ ಪಕ್ಕದ ತೋಟದವರು ಕನ್ನಡದವರು. ಹಿರಿಯರ ಕಾಲದಲ್ಲೇ ಮೈಸೂರು ಸೀಮೆಯಿಂದ ಬಂದು ನೆಲೆಸಿದವರು. ಕಾಫಿ, ಮೆಣಸು, ಒಂದಿಷ್ಟು ಆಡು, ಜೊತೆಗೆ ಸಣ್ಣದೊಂದು ಹೋಂಸ್ಟೇ. ಅತಿಥಿಗಳ ಮಕ್ಕಳನ್ನು ಕೂರಿಸಿ ಅಂಗಳ ಸುತ್ತಿಸಲೆಂದು ತೋಟದ ಯಜಮಾನರು ಒಂದು ಕುದುರೆ ತಂದರು. ಮಾರ್ವಾಡಿ ತಳಿ ಎಂದು ದಲ್ಲಾಳಿ ಹೇಳಿದ್ದನಂತೆ.

ನಾನು ಪತ್ರಿಕೆಯ ಕೆಲಸದಿಂದ ನಿವೃತ್ತನಾಗಿ ಒಬ್ಬನೇ ಇಲ್ಲಿಗೆ ಬಂದವನು. ಕೇಳಿದ್ದನ್ನು ಹಾಗೇ ಒಪ್ಪುವ ಅಭ್ಯಾಸವಿಲ್ಲ.

"ಮಾರ್ವಾಡಿ ಕುದುರೆಯ ಕಿವಿ ಒಳಕ್ಕೆ ಬಾಗಿ, ತುದಿ ಒಂದಕ್ಕೊಂದು ತಾಗುತ್ತವೆ. ಇದರವು ನೆಟ್ಟಗಿವೆಯಲ್ಲ?" ಎಂದೆ.

"ಬೆಳೀತಾ ಬಾಗ್ತದಂತೆ ಸಾರೇ."

"ಇನ್ನೆಲ್ಲಿ ಬೆಳೆಯೋದು? ಇದಕ್ಕೆ ಹಲ್ಲೇ ಸವೆದಿದೆ."

ಅವರ ಹೆಂಡತಿ ಹಿತ್ತಲಿನಿಂದಲೇ ನಕ್ಕರು. "ಇವ್ರ ಕಿವಿ ಬಾಗ್ಸಿ ಕಳ್ಸಿದಾನೆ ಆ ದಲ್ಲಾಳಿ."

ಕುದುರೆ ಗಿಡ್ಡದು, ಎದೆ ಅಗಲ, ಗೊರಸು ಗಟ್ಟಿ. ಮಗುವನ್ನು ಕೂರಿಸಿದರೆ ಕಂಬದಂತೆ ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಹೀಗೆ ನಿಂತಿದ್ದಾಗ ಆಡುಗಳನ್ನು ದೊಡ್ಡಿಯಿಂದ ಬಿಟ್ಟರು. ಕೊನೆಯ ಆಡು ದಾಟಿದ್ದೇ ತಡ, ಕುದುರೆ ಬೆನ್ನ ಮೇಲಿನ ಮಗು ಸಮೇತ ಅದರ ಹಿಂದೆ ಹೊರಟಿತು. ಕಾಫಿ ಗಿಡಗಳ ನಡುವೆ ಹಾದು ಗದ್ದೆಗಿಳಿಯಿತು. ಆಡು ನಿಂತರೆ ನಿಂತಿತು, ನಡೆದರೆ ನಡೆಯಿತು. ಮಗುವಿನ ತಾಯಿ ಮಲಯಾಳಂನಲ್ಲಿ ಕೂಗುತ್ತ ಹಿಂದೆ ಓಡಿದರು. ಮಗು ಮಾತ್ರ ಕೈ ಬೀಸುತ್ತಿತ್ತು.

ಆ ನಡಿಗೆಯನ್ನು ನಾನು ನೋಡಿದ್ದೆ. ವರದಿಗಾರನಾಗಿ ಉತ್ತರ ಕರ್ನಾಟಕದಲ್ಲಿದ್ದಾಗ, ಸುಗ್ಗಿ ಮುಗಿದ ಹೊಲಗಳಲ್ಲಿ ಕುರುಬರ ಕುರಿಮಂದೆ ಹೋಗುತ್ತಿತ್ತು. ಹಿಂದೆ ಇಂಥವೇ ಕುದುರೆಗಳು. ಬೆನ್ನ ಮೇಲೆ ಪಾತ್ರೆ, ಕಂಬಳಿ, ಕೋಳಿ, ಆಗಷ್ಟೇ ಹುಟ್ಟಿದ ಮರಿ. ಭೀಮಥಡಿ ಎನ್ನುತ್ತಾರೆ, ಭೀಮಾ ನದಿಯ ದಡದ ಕುದುರೆ. ಕಡಲಾಚೆಯಿಂದ ಬಂದ ಅರಬ್ಬಿ ಕುದುರೆಗಳೂ ದಖ್ಖಣದ ತಟ್ಟುಗಳೂ ಬೆರೆತು ಆದ ತಳಿ. ಮರಾಠರ ದಂಡಿನಲ್ಲಿ ಸವಾರರನ್ನು ಹೊತ್ತದ್ದು ಈಗ ಕುರುಬರ ಸಂಸಾರ ಹೊರುತ್ತದೆ. ಇದು ಅದೇ ಎಂದು ಪ್ರಮಾಣ ಮಾಡಲಾರೆ. ನಡಿಗೆಯಂತೂ ಅದೇ. ಯಜಮಾನರಿಗೆ ಇಷ್ಟನ್ನೂ ಹೇಳಿದೆ.

ಚಿರತೆಯ ಭಯಕ್ಕೆ ಆಡುಗಳನ್ನು ಸಂಜೆಯೇ ಕೂಡಿಹಾಕುತ್ತಿದ್ದರು. ತನ್ನನ್ನು ಕೊಟ್ಟಿಗೆಯಲ್ಲಿ ಕಟ್ಟುವವರೆಗೆ ಕುದುರೆ ನನ್ನ ಬೇಲಿಗೆ ಬಂದು, ಅಡಿಗೆಮನೆಯ ದೀಪದತ್ತ ಮುಖ ಮಾಡಿ ನಿಲ್ಲುತ್ತಿತ್ತು. ನಾನು ಒಬ್ಬನಿಗಾಗುವಷ್ಟು ಅಕ್ಕಿ ತೊಳೆಯುವುದನ್ನು ನೋಡುತ್ತಿತ್ತು. ಕೆಲವು ದಿನ ನನ್ನ ಬಾಯಿಂದ ಹೊರಟ ಮೊದಲ ಮಾತು ಅದರೊಂದಿಗೇ. ಅದು ಬರುವ ಹೊತ್ತಿಗೆ ದೀಪ ಹಾಕುವುದು ರೂಢಿಯಾಯಿತು.

ಮಳೆ ಹಿಡಿದ ಮೇಲೆ ಗೊರಸು ನೆನೆದು ಮೆತ್ತಗಾಯಿತು, ಒಳಗೆ ಕೊಳೆಯತೊಡಗಿತು. ಯಜಮಾನರು ಬೇಲಿಯ ಬಳಿ ಬಂದರು.

"ಒಣ ನೆಲದ ಪ್ರಾಣಿ, ಪಾವಂ, ಪಾಪ. ಇಲ್ಲಿ ಬಾಳೋದಿಲ್ಲ. ಆ ಕುರುಬರ ಕಡೆ ನಿಮ್ಗೆ ಗೊತ್ತಿರೋರು ಯಾರಾದ್ರೂ ಇದಾರಾ ಸಾರೇ?"

ಇಲ್ಲ ಎನ್ನಬಹುದಿತ್ತು. ಇದ್ದಾರೆ ಎಂದೆ. ಆ ಸೀಮೆಯಲ್ಲಿರುವ ಹಳೆಯ ಸಹೋದ್ಯೋಗಿಗೆ ನಾನೇ ಫೋನ್ ಮಾಡಿದೆ. ಅವರು ಮಂದೆ ಕಾಯುವ ಒಂದು ಮನೆತನವನ್ನು ಹುಡುಕಿಕೊಟ್ಟರು.

ಗೊರಸು ವಾಸಿಯಾದ ಮೇಲೆ ಪಿಕಪ್ ಬಂತು. ಎಷ್ಟು ಎಳೆದರೂ ಕುದುರೆ ಹತ್ತಲಿಲ್ಲ. ಯಜಮಾನರ ಹೆಂಡತಿ ಒಂದು ಆಡನ್ನು ಮೊದಲು ಹತ್ತಿಸಿದರು. ಕುದುರೆ ತಾನಾಗಿ ಹಿಂದೆ ಹತ್ತಿತು. ಬಾಗಿಲು ಹಾಕುವ ಮುನ್ನ ಆಡನ್ನು ಇಳಿಸಿಕೊಂಡರು.

ಚಳಿಗಾಲದಲ್ಲಿ ಸಹೋದ್ಯೋಗಿ ಒಂದು ವಿಡಿಯೊ ಕಳಿಸಿದರು. ಧೂಳು, ಕುರಿಗಳ ಬೆನ್ನು, ಕೊನೆಯಲ್ಲಿ ನಮ್ಮ ಕುದುರೆ, ಹೇರಿನ ಮೇಲೆ ಕೋಳಿಗಳು. ಮೊಬೈಲ್ ಹಿಡಿದವರ ಕಡೆ ಅದು ನೋಡಲೇ ಇಲ್ಲ. ಸಂಜೆ ತೋಟಕ್ಕೆ ಹೋಗಿ ತೋರಿಸಿದೆ. ಆಡುಗಳನ್ನು ಕೂಡಿಹಾಕುತ್ತಿದ್ದ ಯಜಮಾನರು ಕೈ ಒರೆಸಿಕೊಂಡು ನೋಡಿದರು, ಇನ್ನೊಮ್ಮೆ ಹಾಕಿ ಎಂದರು.

"ಕಿವಿ ಇನ್ನೂ ಬಾಗಿಲ್ಲ ಸಾರೇ."

ಇಬ್ಬರೂ ನಕ್ಕೆವು. ಹಿಂದಿರುಗುವಾಗ ನನ್ನ ಅಡಿಗೆಮನೆಯ ದೀಪ ಉರಿಯುತ್ತಿತ್ತು. ಕುದುರೆ ಬರುತ್ತಿದ್ದ ಹೊತ್ತಿಗೆ ಸರಿಯಾಗಿ ಹಾಕಿಯೇ ಹೊರಟಿದ್ದೆ.